ವಿಜಯಶ್ರೀಗೆ ಬಂದ ಮೇಲ್

ಕೆಂಗೇರಿ ಉಪನಗರ
19 ಜನವರಿ 2025, ಭಾನುವಾರ

ಪ್ರೀತಿಯ ವಿಜಿ,

ಮೇಲ್ ಕಳಿಸೋಣ ಅಂದುಕೊಂಡೆ. ಆದರೆ ನಿನ್ನ ಮೇಲ್ ನನ್ನ ಫೋನಿಗೇ ಬರುತ್ತದಲ್ಲ, ಅದಕ್ಕೇ ಕಾಗದ. ಹತ್ತನೇ ಕ್ಲಾಸ್ ಮುಗಿದ ಮೇಲೆ ಇಷ್ಟುದ್ದ ಬರೆದಿಲ್ಲ. ಆಗಲೇ ಮೂರು ಸಲ ಎದ್ದು ಹೊರಗೆ ಹೋಗಿ ಬಂದೆ.

ಉಚಿತ ಕಂಪ್ಯೂಟರ್ ತರಬೇತಿಯಲ್ಲಿ ಇಬ್ಬರಿಗೆ ಒಂದು ಸಿಸ್ಟಮ್. ನನ್ನ ಪಕ್ಕ ನೀನು ಕೂತೆ. ನಾನು ಹತ್ತು ನಿಮಿಷಕ್ಕೊಮ್ಮೆ ನೀರು ಕುಡಿಯುವ ನೆಪದಲ್ಲಿ ಏಳುತ್ತಿದ್ದೆ. "ಏನೋ ಶಿವಯೋಗಿ, ಚೇರಲ್ಲಿ ಮುಳ್ಳಿದೆಯಾ?" ಅಂತ ನೀನು ರೇಗಿಸುತ್ತಿದ್ದೆ. ವಾಪಸ್ ಬರುವಷ್ಟರಲ್ಲಿ ನನ್ನ ಪಾಠವನ್ನೂ ನೀನೇ ಟೈಪ್ ಮಾಡಿರುತ್ತಿದ್ದೆ.

ಅರ್ಜಿ ಹಾಕಲು ಎಲ್ಲರಿಗೂ ಮೇಲ್ ಐಡಿ ಬೇಕು ಅಂದರು ಪ್ರಭಾ ಮೇಡಂ. ನಿನ್ನದು ಬಟನ್ ಫೋನು. "ನಿನ್ ನಂಬರೇ ಹಾಕೋ. ಏನ್ ಬಂದ್ರೂ ಹೇಳ್ತೀಯಲ್ಲ" ಅಂದೆ ನೀನು. ನಿನ್ನ ಐಡಿಯನ್ನೂ ನನ್ನ ಫೋನಿನಲ್ಲೇ ತೆರೆದೆವು. ರಾಜಾಜಿನಗರದ ಕೊರಿಯರ್ ಆಫೀಸಿನಲ್ಲಿ ಬಿಲ್ ಟೈಪ್ ಮಾಡುವ ಕೆಲಸಕ್ಕೆ ಇಬ್ಬರೂ ಅರ್ಜಿ ಹಾಕಿದೆವು.

ನಿಮ್ಮವ್ವ ಹೇಳಿದ್ದು ನನಗೂ ಗೊತ್ತಿತ್ತು. "ನನ್ನ ಮೊಣಕಾಲು ಹೋದುವು. ಹೊಸ ವರ್ಷದ ತನಕ ನೋಡತೀನಿ, ಆಮ್ಯಾಗ ನಾ ಕೆಲಸ ಮಾಡೋ ಮನಿಗೋಳು ನೀನ ಹಿಡೀಬೇಕವ್ವ."

ಡಿಸೆಂಬರ್ ಹನ್ನೆರಡಕ್ಕೆ ನಿನಗೆ ಇಂಟರ್‌ವ್ಯೂ ಮೇಲ್ ಬಂತು. ನನಗೆ ಬರಲಿಲ್ಲ. ಡೆಲಿವರಿಗೆ ಹೊರಟವನು ಮೆಟ್ರೋ ಕಂಬದ ಪಕ್ಕ ಬೈಕ್ ನಿಲ್ಲಿಸಿ ಓದಿದೆ. ಸಂಜೆ ಹೇಳೋಣ ಅಂದುಕೊಂಡೆ. ಸಂಜೆ ನೀನು ಕೇಳಿದಾಗ, "ಇಬ್ರಿಗೂ ಇಲ್ಲ ಕಣೇ" ಅಂತ ಬಾಯಿಗೆ ಬಂದುಬಿಟ್ಟಿತು. ನೀನು ಆಫೀಸಿಗೆ ಹೋಗಿಬಿಟ್ಟರೆ ನನ್ನ ಪಕ್ಕ ಯಾರು ಕೂರುತ್ತಾರೆ ಅಂತ ಹೆದರಿದೆ. ನಿನ್ನನ್ನು ಇಷ್ಟಪಡುತ್ತೇನೆ ಅಂತ ಒಂದು ದಿನವೂ ಹೇಳದವನು ಇಷ್ಟು ಮಾಡಿದೆ.

ಮೊನ್ನೆ ಮಾರೇನಹಳ್ಳಿಯ ಮನೆಯೊಂದಕ್ಕೆ ಪಾರ್ಸೆಲ್ ತಂದೆ. ಬಾಗಿಲು ತೆಗೆದವಳು ನೀನು, ಕೈಯಲ್ಲಿ ನೆಲ ಒರೆಸುವ ಬಟ್ಟೆ. ಒಳಗಿನಿಂದ ಆಂಟಿ ಕೂಗಿದ ಒಟಿಪಿಯನ್ನು ನೀನು ನನಗೆ ಹೇಳಿದೆ. ನಾನು ತಪ್ಪಾಗಿ ಒತ್ತಿದೆ. ನೀನು ನಗುತ್ತ ಮತ್ತೊಮ್ಮೆ ಹೇಳಿದೆ. ಆಮೇಲೆ ಮೆಲ್ಲಗೆ, "ಏನಾದ್ರೂ ಬಂತೇನೋ?" ಅಂದೆ. ಮೆಟ್ಟಿಲು ಇಳಿದದ್ದು ಹೇಗೆ ಅಂತ ನೆನಪಿಲ್ಲ.

ಇಂಟರ್‌ವ್ಯೂ ದಿನ ದಾಟಿ ತಿಂಗಳಾಯಿತು. ಕ್ಷಮಿಸು ಅಂತ ಕೇಳುವುದಿಲ್ಲ. ಪಾಸ್‌ವರ್ಡ್ ಈ ಹಾಳೆಯ ಹಿಂದೆ ಬರೆದಿದ್ದೇನೆ. ಮೇಡಂ ಹತ್ತಿರ ಹೋಗಿ ನನ್ನ ನಂಬರ್ ತೆಗೆಸು, ನಿನ್ನದು ಹಾಕಿಸು.

ಇಂತಿ,
ನಿನ್ನವನು ಅಂತ ಬರೆಯಲಾರದ
ಶಿವಯೋಗಿ

ತಾ.ಕ.: ಮೇಲ್ ಮುಚ್ಚಿಟ್ಟೆ ಅಂತಷ್ಟೇ ಬರೆದೆ. ಅದು ಪೂರ್ತಿ ಅಲ್ಲ. ಬರುತ್ತೀರಾ ಇಲ್ಲವಾ ಅಂತ ಆಫೀಸಿನವರು ಇನ್ನೊಂದು ಸಲ ಕೇಳಿದ್ದರು. ಮೇಡಂ ಕಲಿಸಿದ ಹಾಗೆ ಮೊದಲು ನಮಸ್ಕಾರ, ಕೊನೆಗೆ ಧನ್ಯವಾದ ಹಾಕಿ, ಈ ಕೆಲಸ ನನಗೆ ಬೇಡ ಅಂತ ಬರೆದು ಕೆಳಗೆ ನಿನ್ನ ಹೆಸರು ಹಾಕಿದೆ. ಯಾರನ್ನೂ ಕೇಳದೆ ನಾನೊಬ್ಬನೇ ಬರೆದ ಮೊದಲ ಮೇಲ್ ಅದು. ಅಳಿಸಿಲ್ಲ. ಮೇಡಂಗೆ ತೋರಿಸು, ಬರೆದವನು ನಾನು ಅಂತ ಹೇಳು.