ಅರ್ಧಕ್ಕೆ ನಿಂತ ಹಾಡು

14-11-1997, ಶುಕ್ರವಾರ

ನಿದ್ದೆ ಎಲ್ಲಿಂದ ಬರಬೇಕು! ನಂಜನಗೂಡು, ಕವಲಂದೆ ಆಯ್ತು, ಇವತ್ತು ಟಿ. ನರಸೀಪುರದಲ್ಲಿ ನನ್ನ ಮೂರನೇ ಕ್ಯಾಸೆಟ್ ಅಂಗಡಿ. ಬಸ್‌ಸ್ಟ್ಯಾಂಡಿನ ಕಡೆಗೇ ಸ್ಪೀಕರ್ ಇಟ್ಟೆ. ಮಧ್ಯಾಹ್ನದವರೆಗೂ ಜನ ಆಚೆ ನಿಂತು ತಲೆದೂಗಿದರು, ಒಬ್ಬನೂ ಒಳಗೆ ಬರಲಿಲ್ಲ.

ಆಮೇಲೆ ಇವತ್ತೇ ಬಂದ ಹೊಸ ಕ್ಯಾಸೆಟ್ ಹಾಕಿದೆ. ಪಲ್ಲವಿ ಮುಗೀತಿದ್ದ ಹಾಗೇ ನನ್ನ ಹೆಂಡತಿ ರುದ್ರಮ್ಮ ಪಟ್ ಅಂತ ನಿಲ್ಲಿಸಿಬಿಟ್ಟಳು. "ಪೂರ್ತಿ ಹಾಡು ಪುಕ್ಕಟೆ ಸಿಕ್ಕಿದ್ರೆ ಯಾರ್ರೀ ಕೊಳ್ತಾರೆ?"

ಇಡೀ ಬಸ್‌ಸ್ಟ್ಯಾಂಡ್ ತಿರುಗಿ ನೋಡಿತು! ಕೊಳ್ಳೇಗಾಲದ ಬಸ್ಸಿನ ಡ್ರೈವರ್ ಮರಿಯಯ್ಯ ಇಳಿದು ಓಡಿ ಬಂದ. "ಮುಂದುಕ್ ಆಕಿ ಸಾ, ಇಲ್ದಿದ್ರೆ ಬಸ್ ಎತ್ತಾಕಿಲ್ಲ!" ರುದ್ರಮ್ಮ ಜಗ್ಗಲಿಲ್ಲ. ಬಸ್ಸಿನ ಟೇಪಿನಲ್ಲಿ ಹಾಕೋಕೆ ಅಂತ ಅವನು ಕ್ಯಾಸೆಟ್ಟನ್ನೇ ಕೊಂಡ. ಹಿಂದೆಯೇ ಪ್ರಯಾಣಿಕರೂ ನುಗ್ಗಿದರು. ಆ ಹಾಡಿನ ಕ್ಯಾಸೆಟ್ ಅಷ್ಟೂ ಖಾಲಿ, ನಾನು ಹಾಕಿದ್ದನ್ನೂ ಬಿಡದೆ ರುದ್ರಮ್ಮ ಮಾರಿಬಿಟ್ಟಳು!

ಇನ್ಮೇಲೆ ಮೂರೂ ಅಂಗಡೀಲಿ ಅರ್ಧ ಹಾಡೇ. ಆದರೆ ಆ ಪಲ್ಲವಿ ತಲೇಲಿ ಸುತ್ತುತ್ತಾ ಇದೆ, ಚರಣ ಹೇಗಿದೆಯೋ ಗೊತ್ತಿಲ್ಲ. ನಾಳೆ ಮರಿಯಯ್ಯನ ಬಸ್ಸಿಗೆ ಟಿಕೆಟ್ ತಗೊಂಡೇ ಕೇಳಬೇಕು.