ಎರಡನೇ ಮಹಡಿಯ ತಿರುವು

ಫೆಬ್ರವರಿ 3, ಸೋಮವಾರ

ಪ್ರೊಜೆಕ್ಟರಿನ ಗಾಜು ಒರೆಸಿದೆ. ಪರದೆ ಇಳಿಸಿದೆ. ಆರು ಕುರ್ಚಿ ಹಾಕಿದ್ದೆ, ಬಂದವರು ಒಂಬತ್ತು ಮಂದಿ. ಗಂಡ ಹೆಂಡತಿ ಕಟ್ಟಿಸುವ ಮನೆ ನೋಡಲು ಎರಡೂ ಕಡೆಯ ಬಳಗ. ಗೇಟಿನಿಂದ ಹಾಲ್, ಅಡುಗೆಮನೆ, ಮಹಡಿ, ತಾರಸಿ — ಪರದೆಯ ಮೇಲೆ ನಲವತ್ತು ನಿಮಿಷ ನಡೆಸಿದೆ. ಇನ್ನೂ ಪಾಯ ತೋಡದ, ಕಂಪ್ಯೂಟರಿನಲ್ಲಷ್ಟೇ ಇರುವ ಮನೆ. ಅದರಲ್ಲೇ ಸೋದರಮಾವ ಜಗಳ ತೆಗೆದರು. “ಈ ಬಾಗಿಲು ತೆಗೆದ್ರೆ ಫ್ರಿಜ್ಜಿಗೆ ಹೊಡೆಯಲ್ವೇನ್ರೀ?” ನಮ್ಮ ಆರ್ಕಿಟೆಕ್ಟ್ ಸಾರ್ ಹೇಳಿದಂತೆ ನಾನು ಒಂದು ಕ್ಲಿಕ್ಕಿನಲ್ಲಿ ಫ್ರಿಜ್ಜನ್ನು ಆಚೆ ಗೋಡೆಗೆ ಸರಿಸಿದೆ. “ಜೀವನದಲ್ಲೂ ಹಿಂಗೇ ಸರಿಸೋ ಹಾಗಿದ್ದಿದ್ರೆ ಇವರನ್ನ ಯಾವತ್ತೋ ಸರಿಸ್ತಿದ್ದೆ” ಎಂದರು ಸೋದರಮಾವನ ಹೆಂಡತಿ. ಎಲ್ಲರೂ ನಕ್ಕರು.

ಸಾರ್ ನನ್ನನ್ನು ತೋರಿಸಿ ಎಂದಿನ ಮಾತು ಹೇಳಿದರು. “ನಮ್ಮಲ್ಲಿ ಮೌಸ್ ಇವರ ಕೈಲೇ. ಬೇರೆಯವರು ಓಡಿಸಿದ್ರೆ ನೋಡೋರಿಗೆ ತಲೆ ಸುತ್ತುತ್ತೆ.” ಫೈಲು ಜೋಡಿಸಲು ಸೇರಿದವಳು ನಾನು. ಆರ್ಕಿಟೆಕ್ಟ್ ಆಫೀಸಿನಲ್ಲಿ ಹೀಗೆ ಪರದೆಯ ಮೇಲೆ ನಡೆಸಿ ತೋರಿಸುವ ವಾಕ್‌ಥ್ರೂ ಕೆಲಸ ಸಿಕ್ಕಿದ್ದು ಕೈ ನಿಧಾನ ಎಂದು. ಬೇರೆ ವಿದ್ಯೆ ಇಲ್ಲ.

ನಮ್ಮ ಮನೆಯವರು ಹೋಗಿ ಇವತ್ತಿಗೆ ಎಪ್ಪತ್ತೊಂದು ದಿನ.

ಸಂಜೆ ಅತ್ತೆ ಬಾಗಿಲು ತೆಗೆದು, “ಲಿಫ್ಟಲ್ಲಿ ಬಂದ್ಯಾ?” ಎಂದರು. ಹೂಂ ಎಂದೆ. ದಿನಾ ಇದೇ ಪ್ರಶ್ನೆ, ಇದೇ ಉತ್ತರ. ಹತ್ತಬೇಕಾದ್ದು ಮೂರೇ ಮಹಡಿ. ಆದರೂ ಇಬ್ಬರೂ ಮೆಟ್ಟಿಲು ಬಿಟ್ಟಿದ್ದೇವೆ.

ಫೆಬ್ರವರಿ 5

ಹೊಸ ಕೆಲಸ ಬಂತು. ಹಾಸಿಗೆ ಹಿಡಿದ ವೃದ್ಧರ ಆರೈಕೆಗೆ ಒಂದು ಟ್ರಸ್ಟು ಕಟ್ಟಡ ಕಟ್ಟಿಸುತ್ತಿದೆ. ಮೂರು ಮಹಡಿ, ನಲವತ್ತು ಹಾಸಿಗೆ. 24ಕ್ಕೆ ತೋರಿಸುವುದು. ಒಪ್ಪಿದರೆ ಅದೇ ವಾರ ಸಹಿ, ಆಮೇಲೆ ನಕ್ಷೆ ನೇರ ಸೈಟಿಗೆ.

ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಫೈಲು ಕೊಟ್ಟ. ಪ್ರ್ಯಾಕ್ಟೀಸ್‌ಗೆ ಕುಳಿತೆ. ವರಾಂಡ ಚೆನ್ನಾಗಿದೆ. ಕಿಟಕಿಗಳು ಕೆಳಗಿವೆ, ಮಲಗಿದವರಿಗೂ ಹೊರಗೆ ಕಾಣುತ್ತದೆ. ಮೂರನೇ ಮಹಡಿ ಮುಗಿಸಿ ಮೆಟ್ಟಿಲಲ್ಲಿ ಇಳಿದೆ. ಎರಡನೇ ಮಹಡಿಯ ತಿರುವು ಬಂತು. ಕೈ ನಿಂತಿತು.

ಅದೇ ತಿರುವು. ಗೋಡೆಯಿಂದ ಒಂದೂವರೆ ಅಡಿ ಮುಂದೆ ಬಂದ, ಪೈಪುಗಳನ್ನು ಮುಚ್ಚಿ ಕಟ್ಟಿದ ಅದೇ ಪೆಟ್ಟಿಗೆ.

“ಇದು ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ವಾ?”

“ಅದೇ ಅಕ್ಕಾ. ಕಾಪಿ-ಪೇಸ್ಟು. ಒಂದ್ಸಲ ಪಾಸಾದ ಮೆಟ್ಟಿಲು, ಮತ್ತ್ಯಾಕೆ ತಲೆ ಕೆಡಿಸ್ಕೊಳ್ಳೋದು ಅಂತ…” ಅಲ್ಲಿಗೆ ಅವನಿಗೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡ. ಅವತ್ತು ಆಸ್ಪತ್ರೆಗೆ ಬಂದು ಕಡೆಯವರೆಗೂ ಇದ್ದವನು ಅವನು.

ನಾವಿರುವ ಬಿಲ್ಡಿಂಗಿನ ನಕ್ಷೆ ಈ ಆಫೀಸಿನದೇ. ಪರದೆಯ ಮೇಲೆ ನಾನು ನಡೆಸಿ ತೋರಿಸಿದ್ದನ್ನು ನೋಡಿ ಮನೆಯವರು, “ಇಲ್ಲೇ ಬಾಡಿಗೆ ಹಿಡಿಯೋಣ ಕಣೇ, ನೀನು ಇದರೊಳಗೆ ಮಹಾರಾಣಿ ಥರ ಓಡಾಡ್ತೀಯ” ಎಂದಿದ್ದರು.

ಬರೆದೇ ಬಿಡುತ್ತೇನೆ. ಆ ಭಾನುವಾರ ಬೆಳಿಗ್ಗೆ ಅವರಿಗೆ ಎದೆನೋವು. ಆಂಬುಲೆನ್ಸ್ ಬೇಗ ಬಂತು. ಲಿಫ್ಟು ನಾಲ್ಕು ಜನ ನಿಲ್ಲುವಷ್ಟು, ಸ್ಟ್ರೆಚರ್ ಹಿಡಿಯಲಿಲ್ಲ. ಮೆಟ್ಟಿಲಲ್ಲಿ ಇಳಿಸಿದರು. ಎರಡನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆಗೆ ತಗಲಿ ಸಿಕ್ಕಿಕೊಂಡಿತು. ಓರೆ ಮಾಡಿದರು, ಎತ್ತಿದರು, ಹಿಂದಕ್ಕೆ ಹತ್ತಿಸಿದರು. ಕೊನೆಗೆ ಬೆಡ್‌ಶೀಟಿನಲ್ಲಿ ಹೊತ್ತರು. ಹದಿನೇಳು ನಿಮಿಷ. ಡಾಕ್ಟರು “ಒಂದು ಹತ್ತು ನಿಮಿಷ ಮುಂಚೆ ಬಂದಿದ್ರೆ…” ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಇಷ್ಟೇ ಬರೆಯಲು ಆಗುವುದು.

ಫೆಬ್ರವರಿ 11

ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಹಳೆಯ ಫೈಲು ತೆಗೆದೆ. ನಮ್ಮ ಬಿಲ್ಡಿಂಗು. ಸೆಟ್ಟಿಂಗ್ಸ್‌ನಲ್ಲಿ ಕೊಲಿಷನ್ ಎಂದು ಒಂದು ಚೌಕವಿದೆ. ಟಿಕ್ ಇದ್ದರೆ ಗೋಡೆ ಗೋಡೆಯೇ, ತಗಲಿದರೆ ನಿಲ್ಲುತ್ತದೆ. ಟಿಕ್ ತೆಗೆದರೆ ಗೋಡೆ, ಕಂಬ, ಬಾಗಿಲು ಯಾವುದೂ ತಡೆಯುವುದಿಲ್ಲ. ಹೊಗೆಯ ಹಾಗೆ ಹಾದು ಹೋಗಬಹುದು. ನಾವು ಯಾವಾಗಲೂ ತೆಗೆದೇ ಓಡಿಸುವುದು.

ಟಿಕ್ ಹಾಕಿದೆ. ಇಳಿದೆ. ಪೆಟ್ಟಿಗೆಯ ಹತ್ತಿರ ನಿಂತೇ ಹೋಯಿತು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ… ಬರಲಿಲ್ಲ.

ಆಗ ನೆನಪಾಯಿತು. ಹೇಗೆ ಮರೆತಿದ್ದೆ?

ನಾಲ್ಕು ವರ್ಷದ ಹಿಂದೆ. ಆ ಬಿಲ್ಡಿಂಗಿನ ಮಾಲೀಕರ ಎದುರು ಮೊದಲ ಸಲ ತೋರಿಸುವಾಗ ಇಲ್ಲೇ ಸಿಕ್ಕಿಕೊಂಡಿತ್ತು. ಇದೇ ಮೂಲೆ. ನನ್ನ ಕಿವಿ ಬಿಸಿಯಾಗಿ, ಸಾರ್ ಮುಖ ಕೆಂಪಾಗಿ… ಆಮೇಲೆ ನಾನೇ ಡ್ರಾಫ್ಟ್ಸ್‌ಮನ್ ಹತ್ತಿರ ಹೋಗಿ ದೂರು ಹೇಳಿದೆ. “ಅಲ್ಲೊಂದು ಕಡೆ ಸಿಕ್ಕಿಕೊಳ್ಳುತ್ತಪ್ಪಾ, ಏನಾದ್ರೂ ಮಾಡು. ಮರ್ಯಾದೆ ಹೋಗುತ್ತೆ.” ಅವನು ನಗುತ್ತಾ ಟಿಕ್ ತೆಗೆದ. “ಈ ಸಾಫ್ಟ್‌ವೇರು ಮನುಷ್ಯನನ್ನ ಡ್ರಮ್ಮು ಅಂದ್ಕೊಂಡಿದೆ ಅಕ್ಕಾ. ಅಡ್ಡ ತಿರುಗಿ ನುಸುಳೋದು ಅದಕ್ಕೆ ಗೊತ್ತಿಲ್ಲ.”

ಅಡ್ಡ ತಿರುಗಿ ನುಸುಳಲಾರದ್ದು ಡ್ರಮ್ಮು ಮಾತ್ರವಲ್ಲ.

ಕಂಪ್ಯೂಟರು ಹೇಳಿತ್ತು. ಕಟ್ಟುವ ಮೊದಲೇ, ಎಲ್ಲರ ಎದುರಿಗೆ, ಇಲ್ಲಿ ಆಗುವುದಿಲ್ಲ ಎಂದು ನಿಂತು ಹೇಳಿತ್ತು. ಬಾಯಿ ಮುಚ್ಚಿಸಿದವಳು ನಾನು.

ಫೆಬ್ರವರಿ 12

ಸಾರ್ ಹತ್ತಿರ ಹೋದೆ. ನಿಂತೇ ಹೇಳಿದೆ. ಕೂತ್ಕೊಳ್ಳಿ ಎಂದರು, ಕೂರಲಿಲ್ಲ.

“ಇದರಲ್ಲಿ ಬೆಡ್ ಹಿಡಿಯೋ ಲಿಫ್ಟ್ ಇದೆಯಲ್ಲಮ್ಮ.”

“ಬೆಂಕಿ ಬಿದ್ರೆ ಸಾರ್? ಲಿಫ್ಟ್ ಕೆಟ್ರೆ? ನಲವತ್ತು ಜನ, ಒಬ್ಬರೂ ಎದ್ದು ನಡೆಯೋರಲ್ಲ.”

“ಡ್ರಾಯಿಂಗ್ ಪಾಸಾಗಿದೆ.”

“ನಮ್ಮದೂ ಪಾಸಾಗಿತ್ತು.”

ಸಾರ್ ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಾ ಲೆಕ್ಕ ಹೇಳಿದರು. ಪೈಪು ಸರಿಸಿದರೆ ಕೆಳಗಿನ ಶೌಚಾಲಯ ಸರಿಯಬೇಕು, ಅದು ಸರಿದರೆ ಕಂಬ. ಒಂದೂವರೆ ತಿಂಗಳು ಹಿಂದಕ್ಕೆ. ಟ್ರಸ್ಟಿನವರು ಬೇರೆ ಆಫೀಸಿಗೆ ಹೋಗುತ್ತಾರೆ. “ಮತ್ತೆ… ಇದನ್ನ ಬದಲಾಯಿಸಿದೆ ಅಂದ್ರೆ ನಿಮ್ಮ ಬಿಲ್ಡಿಂಗಿನದೂ ತಪ್ಪು ಅಂತ ಒಪ್ಪಿಕೊಂಡ ಹಾಗೆ. ಅರ್ಥ ಆಯ್ತಲ್ಲ?”

ಅರ್ಥವಾಯಿತು. ಕೆಟ್ಟವರಲ್ಲ. ಎರಡು ತಿಂಗಳು ನಾನು ಬಂದಾಗ ಬಂದೆ, ಹೋದಾಗ ಹೋದೆ. ಸಾರ್ ಒಂದು ಮಾತು ಅನ್ನಲಿಲ್ಲ.

“ಮನೆಗೆ ಹೋಗಿ ರೆಸ್ಟ್ ತಗೊಳ್ಳಿ” ಎಂದರು. ಬಸ್ ಸ್ಟಾಪಿನಲ್ಲಿ ಕುಳಿತು ಮೂರು ಬಸ್ಸು ಬಿಟ್ಟೆ.

ಫೆಬ್ರವರಿ 18

ಅಳತೆ ಇದ್ದರೆ ನಂಬುತ್ತಾರೇನೋ ಎಂದು ಟೇಪು ಹಿಡಿದು ತಿರುವಿಗೆ ಹೋದೆ. ಆವತ್ತಿನಿಂದ ಈಚೆಗೆ ಮೊದಲ ಸಲ. ಮೇಲ್ಮನೆಯ ಬಡಗಿಯನ್ನು ಟೇಪಿನ ಆ ತುದಿ ಹಿಡಿಯಲು ಕರೆದೆ. ಬೆಡ್‌ಶೀಟಿನ ಒಂದು ಮೂಲೆ ಹಿಡಿದವರು ಅವರೇ.

ಪೆಟ್ಟಿಗೆಯ ಪಕ್ಕ ಉಳಿದ ಜಾಗ ಅಳೆದು “ಎರಡು ಅಡಿ ಹತ್ತು ಇಂಚು” ಎಂದರು. ಟೇಪು ಸುರುಳಿ ಸುತ್ತಿಕೊಂಡಿತು. “ಅಳತೆ ಯಾಕಕ್ಕಾ? ನನ್ನ ಭುಜಕ್ಕೆ ಗೊತ್ತು.”

ಅವರು ಬೇರೆ ಕಡೆ ನೋಡುತ್ತಾ, “ಒಂದು ಸುತ್ತಿಗೆ ತಂದು ಈ ಪೆಟ್ಟಿಗೆನ ಪುಡಿ ಮಾಡಿಬಿಡ್ಲಾ?” ಎಂದರು. ತಮಾಷೆಗಲ್ಲ. ಬೇಡ ಎಂದೆ. ಇಡೀ ಬಿಲ್ಡಿಂಗಿನ ಕೊಳೆನೀರು ಅದರೊಳಗಿದೆ.

ಫೆಬ್ರವರಿ 20

ಡ್ರಾಫ್ಟ್ಸ್‌ಮನ್‌ಗೆ ಕೈ ಮುಗಿದೆ. ನಿಜವಾಗಿಯೂ ಮುಗಿದೆ. ನೀನೇ ಬರೆದದ್ದು, ನೀನೇ ಹೇಳು ಸಾರಿಗೆ ಎಂದೆ.

“ಹೇಳಿದೆ ಅಕ್ಕಾ. ಕೆಲಸ ಬೇಕೋ ಬೇಡ್ವೋ ಅಂದ್ರು. ನನ್ನ ಕೈಯಲ್ಲಿ ಇನ್ನೇನಿದೆ, ಒಂದು ಮೌಸು.” ನನ್ನ ಮೇಜಿನ ಕಡೆ ನೋಡಿ ಹೇಳಿದ. “ನಿಮ್ಮ ಕೈಲೂ ಒಂದು ಮೌಸಿದೆ.”

ಫೆಬ್ರವರಿ 24, ಸೋಮವಾರ

ಟ್ರಸ್ಟಿನಿಂದ ಐವರು. ಅಧ್ಯಕ್ಷರು, ಮೂವರು ಸದಸ್ಯರು, ಮತ್ತು ನರ್ಸುಗಳ ಮುಖ್ಯಸ್ಥೆ ಮೇಟ್ರನ್. ದಪ್ಪ ಹೆಂಗಸು, ಮಂಡಿನೋವು, ಬರುತ್ತಲೇ “ನಿಮ್ಮ ಆಫೀಸಿಗೇ ಇಷ್ಟು ಮೆಟ್ಟಿಲು, ಇನ್ನು ನಮಗೆಷ್ಟು ಕಟ್ತೀರೋ” ಎಂದರು.

ಎಲ್ಲರೂ ಬರುವ ಮೊದಲೇ ಟಿಕ್ ಹಾಕಿಟ್ಟಿದ್ದೆ.

ವರಾಂಡ, ವಾರ್ಡು, ಕಿಟಕಿ… ಅಧ್ಯಕ್ಷರಿಗೆ ಖುಷಿಯೋ ಖುಷಿ. ಮೆಟ್ಟಿಲಿಗೆ ಬಂದೆ. ಎರಡನೇ ಮಹಡಿಯ ತಿರುವು. ನಿಂತಿತು. ಇಡೀ ಪರದೆ ತುಂಬ ಬರೀ ಬಿಳಿ ಪೆಟ್ಟಿಗೆ.

“ಯಾಕೆ ನಿಂತಿತು?” ಮೇಟ್ರನ್ ಕೇಳಿದರು.

ಇದೇ ಹೊತ್ತು. ಆರು ದಿನದಿಂದ ಬಾಯಿಪಾಠ ಮಾಡಿದ್ದೆ. ಎರಡು ಅಡಿ ಹತ್ತು ಇಂಚು. ಸ್ಟ್ರೆಚರ್ ಆರೂವರೆ ಅಡಿ. ತಿರುಗುವುದಿಲ್ಲ. ಇಷ್ಟೇ ಹೇಳಬೇಕಿತ್ತು. ತುಟಿ ಮಾತ್ರ ಅಲ್ಲಾಡಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂದು ಶಬ್ದ — ಒಂದೇ ಒಂದು ಶಬ್ದ ಬರಲಿಲ್ಲ.

“ಹ್ಯಾಂಗ್ ಆಗಿದೆ, ಒಂದು ನಿಮಿಷ” ಎಂದು ಸಾರ್ ನನ್ನ ಕೈ ಕೆಳಗಿನಿಂದ ಮೌಸ್ ತೆಗೆದುಕೊಂಡರು. ಟಿಕ್ ತೆಗೆದರು. ನೀರಿನಂತೆ ಇಳಿಯಿತು.

ಶುಕ್ರವಾರ ಹನ್ನೊಂದಕ್ಕೆ ಟ್ರಸ್ಟಿನ ಆಫೀಸಿನಲ್ಲಿ ಸಹಿ ಎಂದಾಯಿತು.

ಹೊರಡುವಾಗ ಮೇಟ್ರನ್ ಹಿಂದೆ ಉಳಿದರು. “ನೀವು ಏನೋ ಹೇಳೋಕೆ ಹೊರಟ್ರಿ.”

“ಇಲ್ಲ.”

“ಮೂವತ್ತು ವರ್ಷ ರೋಗಿಗಳನ್ನ ನೋಡಿದೀನಮ್ಮ. ನೋವಿಲ್ಲ ಅನ್ನೋರ ಮುಖ ನಂಗೆ ಗೊತ್ತು.” ಚೀಟಿಯಲ್ಲಿ ನಂಬರ್ ಬರೆದುಕೊಟ್ಟರು.

ಎರಡು ಸಲ ಆಯಿತು. ಒಂದು ಸಲ ಯಂತ್ರದ ಬಾಯಿ ಮುಚ್ಚಿಸಿದೆ. ಇವತ್ತು ನನ್ನದು ತಾನಾಗಿಯೇ ಮುಚ್ಚಿತು.

ಫೆಬ್ರವರಿ 25

ಸಾರ್ ಕರೆದರು. ಬಾಗಿಲು ಮುಚ್ಚಿದರು. “ಇನ್ನು ಸ್ವಲ್ಪ ದಿನ ಮೌಸ್ ಬೇಡ. ಫೈಲು ನೋಡ್ಕೊಳ್ಳಿ. ತಪ್ಪು ತಿಳ್ಕೋಬೇಡಿ.” ಆಮೇಲೆ, “ಎಂಟು ಜನ ಇದೀವಿ ಈ ಆಫೀಸಲ್ಲಿ. ಆ ವಿಷಯ ಹೊರಗೆ ಹೋದ್ರೆ ಬಾಗಿಲು ಹಾಕಬೇಕು. ನನಗೇನು ಕಲ್ಲಿನ ಎದೆ ಅಂದ್ಕೊಂಡ್ರಾ? ಆ ಬಿಲ್ಡಿಂಗಿನ ರಸ್ತೆಯಲ್ಲೇ ನಾನು ಹೋಗಲ್ಲ ಈಗ.”

ನಾನು ದಿನಾ ಅಲ್ಲಿಗೇ ಹೋಗುತ್ತೇನೆ ಸಾರ್ ಎನ್ನಬೇಕಿತ್ತು. ಎನ್ನಲಿಲ್ಲ.

ಫೆಬ್ರವರಿ 26, ಮಧ್ಯಾಹ್ನ

ಮೇಟ್ರನ್‌ಗೆ ಫೋನ್ ಮಾಡಿದೆ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಅದಕ್ಕೆ ಮಾತು ಬಂತೋ ಏನೋ. ಅಳತೆ ಹೇಳಿದೆ. ಸ್ಟ್ರೆಚರ್ ಸಿಕ್ಕಿಕೊಂಡು ಹದಿನೇಳು ನಿಮಿಷ ಹೋದದ್ದು ಹೇಳಿದೆ. ಸ್ಟ್ರೆಚರಿನಲ್ಲಿ ಇದ್ದವರು ಯಾರು ಎಂದು ಕೇಳಿದರು. ಅದನ್ನೂ ಹೇಳಿದೆ. ಆಮೇಲೆ ಅವರು ಹೇಳಿದರು:

“ನಾನು ನಂಬ್ತೀನಿ. ನಮ್ಮ ಅಧ್ಯಕ್ಷರು ನಂಬಲ್ಲ. ನೀವೊಂದು ಅಳತೆ ಹೇಳಿದ್ರೆ ನಿಮ್ಮ ಸಾರ್ ಹತ್ತು ಅಳತೆ ಹೇಳ್ತಾರೆ. ಶುಕ್ರವಾರ ಹತ್ತು ಗಂಟೆಗೆ ಬನ್ನಿ, ಸಹಿಗೆ ಮುಂಚೆ. ಆ ಹದಿನೇಳು ನಿಮಿಷ ಹೇಳಿ. ಪೂರ್ತಿ. ಅದಕ್ಕೆ ಉತ್ತರ ಅವರ್ಯಾರ ಹತ್ರನೂ ಇರಲ್ಲ.”

ಪೂರ್ತಿ.

ಫೆಬ್ರವರಿ 27

ಅತ್ತೆಯ ಎದುರು ಕುಳಿತು ಹೇಳಲು ನೋಡಿದೆ. ಅಭ್ಯಾಸವಾಗಲಿ ಎಂದು. ಸ್ಟ್ರೆಚರ್ ಸಿಕ್ಕಿಕೊಂಡಲ್ಲಿಗೆ ನಿಂತೆ.

“ಮುಂದೆ?” ಎಂದರು ಅತ್ತೆ.

“ಆಗಲ್ಲ ಅತ್ತೆ.”

“ನಾನು ಹೆತ್ತವಳು. ಅವತ್ತು ಮೇಲೇ ಕೂತಿದ್ದೆ. ಕೆಳಗೆ ಏನಾಯ್ತು ಅಂತ ಯಾರೂ ನಂಗೆ ಹೇಳಿಲ್ಲ. ನೀನೂ ಹೇಳಿಲ್ಲ.” ಕಣ್ಣೀರಿಲ್ಲ, ಬರೀ ಕೋಪ. “ಪರದೆ ಮೇಲೆ ಊರಿಗೆಲ್ಲ ತೋರಿಸ್ತೀಯ. ನಂಗೆ ಒಂದು ಮಾತು ಹೇಳಕ್ಕಾಗಲ್ವಾ?”

ಆಗಲಿಲ್ಲ. ಅತ್ತೆ ಎದ್ದು ತಮ್ಮ ಕೋಣೆಗೆ ಹೋದರು.

ಫೆಬ್ರವರಿ 28, ಶುಕ್ರವಾರ, ಬೆಳಿಗ್ಗೆ 9:35

ಟ್ರಸ್ಟಿನ ಆಫೀಸಿನ ಹೊರಗೆ ಬೆಂಚು. ಒಳಗೆ ಕುರ್ಚಿ ಎಳೆಯುವ ಸದ್ದು. ಸಾರ್ ಇನ್ನೂ ಬಂದಿಲ್ಲ. ಬರೆದುಕೊಂಡರೆ ಓದಿಯಾದರೂ ಹೇಳಬಹುದು ಎಂದು ಈ ಪುಸ್ತಕ ತಂದಿದ್ದೇನೆ. ಇಪ್ಪತ್ತೈದು ನಿಮಿಷವಿದೆ.

ಸ್ಟ್ರೆಚರನ್ನು ಮೇಲಕ್ಕೆ ವಾಪಸ್ ಎಳೆದರು. ಅಷ್ಟಕ್ಕೇ ಎಂಟು ನಿಮಿಷ. ಬಡಗಿ ಓಡಿ ಹೋಗಿ ನಮ್ಮ ಮಂಚದ ಮೇಲಿನ ಬೆಡ್‌ಶೀಟನ್ನೇ ತಂದರು. ನಾಲ್ಕು ಮೂಲೆಗೆ ನಾಲ್ಕು ಜನ. ಆಂಬುಲೆನ್ಸಿನವರು ಇಬ್ಬರು, ಬಡಗಿ, ಕೆಳಮನೆಯ ಟೀಚರು. ಟೀಚರಿಗೆ ಬೆನ್ನುನೋವು, ಆದರೂ ಹಿಡಿದರು. ನಾನು ತಲೆಯ ಪಕ್ಕದಲ್ಲಿ ಒಂದೊಂದೇ ಮೆಟ್ಟಿಲು ಇಳಿದೆ. ಎಚ್ಚರವಿತ್ತು ಮನೆಯವರಿಗೆ. ಎಲ್ಲ ಕೇಳಿಸುತ್ತಿತ್ತು. ಟೀಚರು ಏದುಸಿರು ಬಿಡುತ್ತಿದ್ದರು.

ತಿರುವಿಗೆ ಬಂದೆವು. ಅಲ್ಲಿ ಇಬ್ಬರು ಒಟ್ಟಿಗೆ ನಿಲ್ಲಲು ಜಾಗವಿಲ್ಲ. ಒಬ್ಬರು ಬಿಟ್ಟು ಇನ್ನೊಬ್ಬರು ಹಿಡಿಯಬೇಕು. ಬೆಡ್‌ಶೀಟು ವಾಲಿತು. ಆಗ ಅವರು ಕಣ್ಣು ಬಿಟ್ಟು ಟೀಚರನ್ನು ನೋಡಿದರು. ಮಾತು ಸ್ಪಷ್ಟವಾಗಿತ್ತು. “ತೂಕ ಜಾಸ್ತಿ ಅಲ್ವಾ ನಾನು… ತೊಂದರೆ ಕೊಟ್ಟೆ. ಸ್ವಲ್ಪ ಕೆಳಗಿಳಿಸಿ. ಸುಧಾರಿಸ್ಕೊಳ್ಳಿ.”

ಆಂಬುಲೆನ್ಸಿನವನು ಬೇಡ ಬೇಡ, ನಡೀರಿ ಎಂದ. ಟೀಚರು ನನ್ನ ಮುಖ ನೋಡಿದರು. ಎಲ್ಲರೂ ನನ್ನನ್ನೇ ನೋಡಿದರು, ನಾನು ಏನು ಹೇಳುತ್ತೇನೆ ಎಂದು.

ನಾನು ಟೀಚರಿಗೆ, ಅವರ ಬೆನ್ನು ನೋಡಿ, ಒಂದು ನಿಮಿಷ ಇಳಿಸಿ ಅಂದೆ. ಮೇಟ್ರನ್ ಕರೆಯುತ್ತಿದ್ದಾರೆ, ಪುಸ್ತಕ ಹಿಡಿದು ಏಳುತ್ತೇನೆ.