ತೆಂಗಿನ ತುದಿಯ ನೆಲಮಟ್ಟ

18 ಆಗಸ್ಟ್ 2025, ಸೋಮವಾರ. ತುಮಕೂರು

ಸರ್ವೆ ಆಫೀಸಿನ ಬೀಗ ತೆಗೆದೆ, ಕಸ ಗುಡಿಸಿದೆ, ಊದುಬತ್ತಿ ಹಚ್ಚಿದೆ. ಆಮೇಲೆ ಕೋಪ ಮಾಡಿಕೊಂಡೆ.

ಅನುಪಮಾ ಮ್ಯಾಪು ಕಳಿಸಿದ್ದಾಳೆ. ಸಾಫ್ಟ್‌ವೇರ್ ಹುಡುಗಿ. ಕೆರೆ ಕೋಡಿ ಬಿದ್ದರೆ ಯಾವ ಮನೆಗೆ ನೀರು ನುಗ್ಗುತ್ತದೆಂದು ಮೊದಲೇ ತಿಳಿಸುವ ಆ್ಯಪ್ ಮಾಡುತ್ತಿದ್ದಾಳೆ. ನನ್ನ ಪಾಲಿಗೆ ‘ಸ್ಥಳದಲ್ಲಿ ಪರಿಶೀಲಿಸಿದೆ’ ಎಂಬ ಸಾಲಿನ ಕೆಳಗೆ ಸಹಿ.

ಮ್ಯಾಪಿನಲ್ಲಿ ಕೊತ್ತಗೆರೆ ಕಡೆಯ ಕೆರೆ ನೋಡಿದೆ. ಏರಿ ಕೆಳಗಿನ ಮುದುಕಿ ಹನುಮಂತಮ್ಮನ ಬೀದಿ ಹಸಿರು. ಅಂದರೆ ಕ್ಷೇಮ. ಕೋಡಿಗಿಂತ ಮೂವತ್ತಡಿ ಎತ್ತರವಂತೆ! ಆ ಬೀದಿಯಲ್ಲಿ ನಿಂತವರು ಕೆರೆ ಏರಿಯನ್ನು ಕತ್ತೆತ್ತಿ ನೋಡಬೇಕು.

ಫೋನ್ ಮಾಡಿದೆ.

“ಸ್ಯಾಟಲೈಟ್ ಡೇಟಾ ಸರ್. ಎಲಿವೇಶನ್ ಮಾಡೆಲ್, ನೆಲದ ಎತ್ತರದ ಲೆಕ್ಕ. ಲೇಟೆಸ್ಟು.”

“ಲೇಟೆಸ್ಟು ಸರಿ ಕಣಮ್ಮ. ಆ ಬೀದಿ ಬೆಟ್ಟ ಆಗಿದ್ದು ಯಾವತ್ತು?”

“ನೋಡಿ ಹೇಳ್ತೀನಿ ಸರ್” ಎಂದು ಫೋನ್ ಇಟ್ಟಳು.

20 ಆಗಸ್ಟ್, ಬುಧವಾರ

ಗುಟ್ಟು ಹೊರಬಿತ್ತು. ಸ್ಯಾಟಲೈಟಿಗೆ ಮೇಲಿಂದ ಸಿಕ್ಕಿದ್ದು ತೆಂಗಿನ ತೋಟದ ತಲೆ. ಗರಿಯನ್ನೇ ನೆಲ ಎಂದು ಬರೆದುಕೊಂಡಿದೆ. ಮೂವತ್ತಡಿ ಮೇಲಿರುವುದು ಹನುಮಂತಮ್ಮನಲ್ಲ, ಅವಳ ಎಳನೀರು.

ಹನುಮಂತಮ್ಮನಿಗೂ ಹೇಳಿದೆ. “ಅಂಗಾರೆ ನೀರ್ ಬಂದಾಗ ಮರ ಹತ್ಕೋ ಅಂತದಾ ನಿಮ್ ಫೋನು? ಎಪ್ಪತ್ ತುಂಬೈತೆ ಕಣಪ್ಪ ನಂಗೆ!”

ಅನುಪಮಾಳ ಆಫೀಸಿಗೇ ಹೋಗಿ ಹಳೆಯ ಟೋಪೋ ಶೀಟನ್ನು, ಎತ್ತರದ ಗೆರೆ ಎಳೆದ ಸರ್ವೆ ನಕ್ಷೆಯನ್ನು, ಮೇಜಿನ ಮೇಲೆ ಹರವಿದೆ. “ಇದನ್ನ ಮನುಷ್ಯರು ನಡೆದು ಮಾಡಿರೋದು. ಮರ ಯಾವ್ದು, ನೆಲ ಯಾವ್ದು, ಅವರಿಗೆ ಗೊತ್ತಿತ್ತು.”

ಶೀಟಿನ ಮೂಲೆ ಓದಿದಳು. “ನಿಮ್ಮ ಒಂದು ಗೆರೆಗೂ ಇನ್ನೊಂದಕ್ಕೂ ಇಪ್ಪತ್ತು ಮೀಟರ್ ಎತ್ತರದ ವ್ಯತ್ಯಾಸ ಸರ್. ಕೆರೆ, ಏರಿ, ಬೀದಿ ಎಲ್ಲಾ ಎರಡು ಗೆರೆ ಮಧ್ಯೆನೇ ಇದೆ. ಹನುಮಂತಮ್ಮನ ಹೊಸ್ತಿಲು ಎಲ್ಲಿ, ತೋರ್ಸಿ? ದೇವರಾಯನದುರ್ಗದ ಬೆಟ್ಟಾನೇ ಕಳೆದುಹೋದ್ರೆ ಇದನ್ನ ಕೇಳ್ತೀನಿ.”

ಮೈ ಉರಿಯಿತು. ತೋರಿಸಲಾಗಲಿಲ್ಲ.

ಈ ಪುಟದ ಎಡಕ್ಕೆ ಅವಳ ತಪ್ಪು: ಮೂವತ್ತಡಿ. ಬಲಕ್ಕೆ ನನ್ನದು: ಇಪ್ಪತ್ತು ಮೀಟರ್, ಅಂದರೆ ಅರವತ್ತೈದು ಅಡಿ. ಇದು ಈ ಡೈರಿಯಲ್ಲೇ ಇರಲಿ.

23 ಆಗಸ್ಟ್, ಶನಿವಾರ

ಅನುಪಮಾಳ ಮೇಲಧಿಕಾರಿ ಉದಯಕುಮಾರ್ ಫೋನ್ ಮಾಡಿದ. “ಸಹಿ ಹಾಕ್ಬುಡಿ ಅಣ್ಣ. ಗುಬ್ಬಿ ಕಡೆ ಮ್ಯಾಪ್ ಶೀಟಿಗೆ ಕೇಳಿದ್ ದಿನಾನೇ ಹಾಕಿದ್ರಿ. ಇದಕ್ಯಾಕೆ ಇಷ್ಟು ಗಲಾಟೆ?”

ಅದು ಬೇರೆ ಎಂದೆ. ಹೇಗೆ ಬೇರೆ ಎಂದು ಅವನು ಕೇಳುವ ಮೊದಲೇ ಫೋನ್ ಇಟ್ಟೆ.

ನೋಡದೆ ಸಹಿ ಹಾಕಬೇಕಂತೆ! ನೆಲ ಅಳೆಯುವ ಸರಪಳಿ ಎಳೆಯುತ್ತಾ ಮೇಲೆ ಬಂದವನು ನಾನು.

29 ಆಗಸ್ಟ್, ಶುಕ್ರವಾರ. ಕುಣಿಗಲ್ ಬಸ್‌ಸ್ಟ್ಯಾಂಡ್

ಕೊತ್ತಗೆರೆ ಕಡೆಯ ಆ ಬೀದಿಯನ್ನು ಇಬ್ಬರೂ ಹೋಗಿ ಅಳೆದೆವು. ಲೆವೆಲ್ ಯಂತ್ರದಲ್ಲಿ ನೋಡಿದವನು ನಾನು. ಅಡಿ ಗುರುತಿನ ಉದ್ದ ಕೋಲು ಹಿಡಿದವಳು ಅನುಪಮಾ. ಕೆಸರಿಗೆ ಚಪ್ಪಲಿ ಕೊಟ್ಟಳು, ಕೋಲು ಅಲುಗಿಸಲಿಲ್ಲ.

ಕೋಡಿಯ ಕಲ್ಲಿಗಿಂತ ಹನುಮಂತಮ್ಮನ ಹೊಸ್ತಿಲು ಎರಡೂಕಾಲು ಅಡಿ ಕೆಳಗೆ.

ಮುದುಕಿ ಎಳನೀರು ಕೊಟ್ಟಳು. “ಕುಡೀರವ್ವ, ಬೆಟ್ಟದ ಮ್ಯಾಗಿಂದು.”

ಅನುಪಮಾ ಅಲ್ಲೇ ಕೂತು ಮ್ಯಾಪಿನಲ್ಲಿ ಬೀದಿಯನ್ನು ಕೆಂಪು ಮಾಡಿದಳು. “ತೋಟ ಇರೋ ಕಡೆ ಎಲ್ಲಾ ಹಿಂಗೇ ಅಳೀಬೇಕು ಸರ್. ಗುಬ್ಬಿದು ನೀವು ಅಳೆದಿದೀರಲ್ಲ, ಅದೊಂದು ನಿಶ್ಚಿಂತೆ.”

ಎಳನೀರು ಅರ್ಧಕ್ಕೇ ಬಿಟ್ಟು ಲೆವೆಲನ್ನು ಪೆಟ್ಟಿಗೆಗೆ ಹಾಕತೊಡಗಿದೆ.

1 ಸೆಪ್ಟೆಂಬರ್, ಸೋಮವಾರ. ಬೆಳಿಗ್ಗೆ 6.10

ಮೂರು ದಿನದಿಂದ ಮಳೆ. ಗುಬ್ಬಿ ಮ್ಯಾಪ್ ಶೀಟು ತೆಗೆದೆ. ಅಲ್ಲಿ ಆ್ಯಪ್ ಹೋದ ತಿಂಗಳೇ ಶುರುವಾಗಿದೆ. ಕೆರೆ ಕೆಳಗೆ ಅರವತ್ತೆರಡು ಮನೆ, ಸುತ್ತ ತೆಂಗು. ಎಲ್ಲಾ ಹಸಿರು. ಕೆಳಗೆ ನನ್ನ ಸಹಿ, ಬಾಲ ಎಳೆದು, ಚೆನ್ನಾಗಿ. ಹಾಕಿದ್ದು ಈ ಕುರ್ಚಿಯಲ್ಲಿ ಕೂತು. ಆ ಹುಡುಗಿಯನ್ನು ಎಷ್ಟು ಬೈದೆ!

6.40

ಅಲ್ಲಿ ಕೆರೆ ನೀರು ನೋಡಿಕೊಳ್ಳುವ ನೀರುಗಂಟಿ ಅಣ್ಣಯ್ಯಪ್ಪನಿಗೆ ಫೋನ್ ಮಾಡಿದೆ. ನೀರು ಕೋಡಿ ಮುಟ್ಟಲು ನಾಲ್ಕು ಬೆರಳು ಬಾಕಿಯಂತೆ.

“ಜನರನ್ನ ಈಗ್ಲೇ ಎಬ್ಬಿಸಿ ದಿಬ್ಬದ ಮೇಲಿನ ಶಾಲೆಗೆ ಕಳಿಸಪ್ಪ. ಹಸಿರು ನಂಬಬೇಡ.”

“ಯಾಕ್ ಸ್ವಾಮಿ? ಯಾರೋ ದೊಡ್ಡೋರು ಬಂದು, ನಿಂತು, ಅಳೆದು ಸಹಿ ಹಾಕವ್ರಂತಲ್ಲ?”

“ಆ ಸಹಿ ನಂದೇ ಕಣಪ್ಪ. ಬರದೆ, ಅಳೀದೆ ಹಾಕಿದ್ದು” ಎಂದೆ.